ಗಂಧ ಮೆತ್ತಿದ ಸೆನ್ಸರ್

ಚೆನ್ನೈಯ ವೇಲಚೇರಿಯಲ್ಲಿ ಮಳೆನೀರು ನಿಂತಿತೆಂದರೆ ನಮ್ಮ ಫ್ಲ್ಯಾಟಿನ ನೆಲದಡಿಯ ಸಂಪಿನೊಳಗೆ ಚರಂಡಿ ನೀರು ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಯಾರಿಗಾದರೂ ವಾಂತಿಭೇದಿ ಶುರುವಾದಾಗಲೇ ಗೊತ್ತಾಗುವುದು. ಒಂದು ಮಳೆಗಾಲದಲ್ಲಿ ಅಮ್ಮನೇ ಆಸ್ಪತ್ರೆ ಸೇರಿದಳು. ಆ ಸಿಟ್ಟಿನಲ್ಲೇ ನಾನು ವಿಶ್ವವಿದ್ಯಾಲಯದ ನನ್ನ ಲ್ಯಾಬಿನಲ್ಲಿ ಒಂದು ಸೆನ್ಸರ್ ಮಾಡಿದೆ. ಸಂಪಿನೊಳಗೆ ಇಳಿಬಿಟ್ಟರೆ ಸಾಕು, ಕೊಳಕು ಸೇರಿದ ಕೂಡಲೇ ಮನೆಯೊಳಗೆ ಕೆಂಪು ದೀಪ ಹತ್ತುತ್ತಿತ್ತು. ಅದರ ಜೀವವೆಲ್ಲ ತುದಿಯ ತೆಳು ಪೊರೆಯಲ್ಲಿ. ಬೆರಳು ತಾಗಿದರೂ ಕೆಡುವಂಥದ್ದು. ವಿದ್ಯಾರ್ಥಿಗಳನ್ನು ಅದರ ಹತ್ತಿರ ಕೆಮ್ಮಲೂ ಬಿಡುತ್ತಿರಲಿಲ್ಲ.

ವಿಶ್ವವಿದ್ಯಾಲಯ ಅದನ್ನು ಪೋರೂರಿನ ಆಚೆಯ ಒಂದು ವಾಟರ್ ಫಿಲ್ಟರ್ ಕಂಪನಿಗೆ ಒಪ್ಪಿಸಿತು. ಮಾಡುವ, ಮಾರುವ ಹಕ್ಕು ಅವರೊಬ್ಬರಿಗೇ. ಸಹಿಯಾದ ದಿನ ಶಾಲು, ಫೋಟೋ, ಚಪ್ಪಾಳೆ. ಕಂಪನಿಯ ಯಜಮಾನರೂ ಕನ್ನಡದವರೇ. ಬಳ್ಳಾರಿ ಕಡೆಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಮನೆತನ, ಹಣೆ ತುಂಬ ವಿಭೂತಿ. ಚೆನ್ನೈಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮಂಥವರು ಕರಗಿಬಿಡುತ್ತೇವೆ. "ನಮ್ಮ ಹುಡ್ಗಿ ಮಾಡಿದ್ದು. ಮನೆಮನೆಗೂ ಮುಟ್ಟಿಸ್ತೀನಿ, ಕವಲೆಪಡಬೇಡಮ್ಮ" ಎಂದು ತಮಿಳು ಬೆರೆಸಿ ಧೈರ್ಯ ಹೇಳಿದರು.

ಆಮೇಲೆ ಏನೂ ಆಗಲಿಲ್ಲ. ಮಳೆಗಾಲಗಳು ಬಂದು ಹೋದವು. ಕೇಳಿದಾಗಲೆಲ್ಲ "ಮಾರ್ಕೆಟ್ ಇನ್ನೂ ರೆಡಿ ಇಲ್ಲಮ್ಮ" ಎನ್ನುತ್ತಿದ್ದರು. ದೀಪ ಹತ್ತದ ದಿನಗಳಲ್ಲಿ ಫಿಲ್ಟರ್ ಬೇಕಿಲ್ಲವೆಂದು ಜನಕ್ಕೆ ಗೊತ್ತಾದರೆ ಅವರ ಫಿಲ್ಟರ್ ಕೊಳ್ಳುವವರು ಯಾರು? ಇಷ್ಟು ಹೊಳೆಯಲು ನನಗೆ ವರ್ಷಗಳೇ ಹಿಡಿದವು. ಪಿಎಚ್.ಡಿ ಬೇರೆ ಕೇಡು ನನಗೆ.

ಅಮ್ಮನಿಗೆ ಅರ್ಥ ಮಾಡಿಸಲಂತೂ ಆಗಲೇ ಇಲ್ಲ.

"ನೀನೇ ಮಾಡಿದ್ದಲ್ವೇನೇ? ಒಂದನ್ನ ನಮ್ಮ ಸಂಪಿಗೆ ಹಾಕಕ್ಕೆ ಏನು ಧಾಡಿ?"

"ಅದೀಗ ನಮ್ದಲ್ಲಮ್ಮ. ನಾನೂ ಇನ್ನೊಂದು ಮಾಡೋ ಹಾಗಿಲ್ಲ."

ಈ ಸಲ ಕಂಪನಿಯ ಆಯುಧಪೂಜೆಗೆ ಕರೆ ಬಂತು. ಮುಖಾಮುಖಿ ಕೇಳಿಯೇ ಬಿಡೋಣವೆಂದು ಹೋದೆ. ಬಾಗಿಲಿನ ಬಳಿ, ಮುಚ್ಚಳ ತೆರೆದ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಸೆನ್ಸರ್ ಇತ್ತು. ಸೇವಂತಿಗೆ ಹಾರ ಹಾಕಿ, ಆ ತುದಿಗೇ, ಆ ಪೊರೆಗೇ, ದಪ್ಪಗೆ ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು. ಸೆರಗಿನ ತುದಿಯಿಂದ ಒರೆಸಲು ಹೋದೆ.

ಯಜಮಾನರು ಕೈ ಅಡ್ಡ ತಂದರು. "ಪೂಜೆ ಆಗಿದೆಯಮ್ಮ, ಇವತ್ತು ಮುಟ್ಟಬಾರ್ದು."

"ಅದು ಹಾಳಾಗಿ ಹೋಯ್ತು ಸಾರ್."

"ಪರವಾಯಿಲ್ಲ ಬಿಡಮ್ಮ. ನೀರಿಗೆ ಇಳಿಸೋದಿದ್ರೆ ತಾನೇ?"

ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಕೇಳಬೇಕೆಂದು ಹೋದದ್ದಕ್ಕೆ ಉತ್ತರ ಸಿಕ್ಕಿತ್ತು. ಹೊರಡುವಾಗ ಅಕ್ಕರೆಯಿಂದ ಸುಂಡಲ್ ಉಸಲಿ, ಕಡಲೆಪುರಿ ಕಟ್ಟಿಕೊಟ್ಟರು.

ಮನೆಗೆ ಬಂದಾಗ ನನ್ನ ಉಬ್ಬಿದ ಚೀಲ ಕಂಡು ಅಮ್ಮ ಎದ್ದು ಕೂತಳು. "ತಂದ್ಯಾ?"

"ಇಲ್ಲಮ್ಮ. ಪೂಜೆಗೆ ಇಟ್ಟಿದ್ರು" ಎಂದು ಪುರಿಯ ಪೊಟ್ಟಣ ಕೊಟ್ಟೆ.

ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. "ಹಾಗಾದ್ರೆ ನಾಳೆಯಿಂದ ಓಡಿಸ್ತಾರೆ ಬಿಡು" ಎನ್ನುತ್ತ ಕುಡಿಯುವ ನೀರು ಕಾಯಿಸಲು ಒಲೆ ಹಚ್ಚಿದಳು.