ಭಾಗಪ್ಪನ ಗಾಡಿಯ ಮುಳ್ಳು

ತಿಕೋಟಾದಿಂದ ವಿಜಾಪುರಕ್ಕೆ ಬಾಡಿಗೆ ಹೊಡೆಯುತ್ತಿದ್ದ ಆ ಹಳೆಯ ಫೋರ್ಡ್ ಕಾರು ಹತ್ತಿ ವ್ಯಾಪಾರಿ ಗುರಲಿಂಗಪ್ಪ ಸಾಹುಕಾರರದು, ಓಡಿಸುತ್ತಿದ್ದವನು ಭಾಗಪ್ಪ. ಕಾರಿನ ವೇಗ ತೋರಿಸುವ ಗಡಿಯಾರದಲ್ಲಿ ತೊಂಬತ್ತು ಮೈಲಿಯವರೆಗೂ ಅಂಕಿಗಳಿದ್ದವು. ಮುಳ್ಳು ಮಾತ್ರ ಭಾಗಪ್ಪನ ಕಾಲದಲ್ಲಿ ಇಪ್ಪತ್ತೈದನ್ನು ದಾಟಿದ್ದೇ ಇರಲಿಲ್ಲ. ದಾಟುವುದಾದರೂ ಹೇಗೆ? ಒಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು, ಫುಟ್‌ಬೋರ್ಡಿನ ಮೇಲೆ ಜೋತುಬಿದ್ದವರು, ಮೇಲಿನ ಕ್ಯಾರಿಯರಿನಲ್ಲಿ ಜೋಳದ ಚೀಲ, ಚೀಲ ಬಿದ್ದೀತೆಂದು ಅದರ ಮೇಲೆ ಚೀಲದ ಮಾಲೀಕ. ಇಷ್ಟು ಸಾಲದು ಎಂಬಂತೆ ಮುಂದಿನ ಸೀಟಿನಲ್ಲಿ ಲಕ್ಕವ್ವ.

ಲಕ್ಕವ್ವ ತಿಕೋಟಾದ ಕೋಳಿತತ್ತಿ ವ್ಯಾಪಾರದವಳು. ತತ್ತಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ದಿನಾ ವಿಜಾಪುರಕ್ಕೆ ಹೋಗುತ್ತಿದ್ದಳು. ಗಾಡಿ ಸ್ವಲ್ಪ ಜೋರು ಹಿಡಿಯಿತೋ, ಅವಳ ಕೂಗು ಇಂಜಿನ್ನಿಗಿಂತ ಮೇಲೇಳುತ್ತಿತ್ತು. “ಸಾವಕಾಶ ಹೊಡಿಯೋ ಯಪ್ಪಾ, ತತ್ತಿ ಅದಾವು!”

ಹೀಗಾಗಿ ಭಾಗಪ್ಪನ ಮನಸ್ಸಿನಲ್ಲಿ ಒಂದೇ ಒಂದು ಆಸೆ ಬೇರುಬಿಟ್ಟಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ಆ ಮುಳ್ಳು ಅರವತ್ತಕ್ಕೆ ಹೋಗಬೇಕು. ಹೆಂಡತಿ ರೇಣವ್ವನ ಮುಂದೆ ಇದನ್ನು ಹೇಳಿ, “ಮದಲ ಸೋರೂ ಮಾಳಗಿಗಿ ಮಣ್ಣ ಹಾಕ್ರಿ, ಆಮ್ಯಾಲ ಅರವತ್ತ” ಎಂದು ಬೈಸಿಕೊಂಡಿದ್ದ. ನಗಬೇಡಿ. ಮನುಷ್ಯನಿಗೆ ಇಷ್ಟೂ ಆಸೆ ಬೇಡವೇ?

ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಸಾಹುಕಾರರ ಮಗ ಬಾಬು ಪುಣೆಯಿಂದ ಬಂದ. ಕಾಲೇಜಿನಲ್ಲಿ ಪರೀಕ್ಷೆಯೊಂದನ್ನು ಬಿಟ್ಟು ಉಳಿದದ್ದರಲ್ಲೆಲ್ಲ ಪಾಸಾಗಿದ್ದ. ಎಲ್ಲೋ ಮೋಟಾರು ಓಟದ ಶರ್ಯತ್ತು ನೋಡಿ ಬಂದವನು, ಇಟ್ಟಂಗಿಹಾಳದ ಬಯಲಿನಲ್ಲಿ ನಾವೂ ಒಂದು ನಡೆಸೋಣ ಎಂದು ಹೊರಟ. ಊರಿನ ಡಾಕ್ಟರರ ಮೋರಿಸ್, ಬಬಲೇಶ್ವರದ ಗೌಡರ ಜೀಪು, ತಮ್ಮ ಫೋರ್ಡು. ಶರ್ಯತ್ತಿನ ವಿಷಯದಲ್ಲಿ ಬಾಬುವಿಗೆ ತಿಳಿಯದ್ದು ಒಂದೂ ಇರಲಿಲ್ಲ, ಕಾರು ಓಡಿಸುವುದೊಂದನ್ನು ಬಿಟ್ಟು. ಅದಕ್ಕೆ ಭಾಗಪ್ಪನಿದ್ದನಲ್ಲ!

ಮೊದಲು ಟೈರಿನ ಕೆಲಸ. ಬಸ್ ಸ್ಟ್ಯಾಂಡಿನ ಬಳಿ ಪಂಕ್ಚರ್ ಅಂಗಡಿಯ ಮಶಾಕಸಾಬನ ಮುಂದೆ ಗಾಡಿ ನಿಂತಿತು.

“ನಾಲ್ಕೂ ಟೈರು ಒಂದ ನಮೂನಿ ಇರಬೇಕು” ಎಂದ ಬಾಬು.

ಮಶಾಕಸಾಬ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. “ಸಾವಕಾರ್ರ, ಇವು ನಾಲ್ಕೂ ನಾಲ್ಕ ಮನಿತನದವು ಅದಾವ್ರಿ. ಇದು ಜೀಪಿಂದು, ಇದು ಯಾವುದೋ ಮಿಲಿಟರಿದು. ಕೂಡಿ ಸಂಸಾರ ನಡಸ್ಯಾವು, ಈಗ ಯಾಕ ಬ್ಯಾರೆ ಮಾಡ್ತೀರಿ?”

ಕೊನೆಗೆ ಇದ್ದುದರಲ್ಲಿ ಒಳ್ಳೆಯವೆರಡನ್ನು ಮುಂದಕ್ಕೆ ಹಾಕಿದರು. ಹಿಂದಿನ ಒಂದು ಟೈರು ಹರಿದಿತ್ತು. ಅದರೊಳಗೆ ಮಶಾಕಸಾಬ ಹಳೆಯ ಟೈರಿನ ತುಂಡನ್ನು ಒತ್ತುಕೊಟ್ಟು ಕೂಡಿಸಿದ. ಶರ್ಯತ್ತಿಗೆ ಗಾಳಿ ಹೆಚ್ಚು ಬೇಕು ಎಂದ ಬಾಬು. ಪಂಪು ಹೊಡೆದೂ ಹೊಡೆದೂ ಮಶಾಕಸಾಬನ ಅಂಗಿ ತೊಯ್ದುಹೋಯಿತು. ಬೆರಳಿನಿಂದ ಬಡಿದರೆ ಟೈರು ಹಲಗೆಯಂತೆ ಸದ್ದು ಮಾಡಿತು.

ಆಮೇಲೆ ಬಾಡಿ. ಗಾಡಿ ಹಗುರಾಗಬೇಕು ಎಂದು ಬಾಬು ಹೇಳುತ್ತ ಹೋದ, ತಿಕೋಟಾದ ಕಟ್ಟೆಯ ಮುಂದೆ ಭಾಗಪ್ಪ ಬಿಚ್ಚುತ್ತ ಹೋದ. ಕ್ಯಾರಿಯರ್ ಬಿಚ್ಚಿದಾಗ ಜೋಳದ ಚೀಲದವರು ಜಗಳಕ್ಕೆ ಬಂದರು. ಫುಟ್‌ಬೋರ್ಡ್ ಬಿಚ್ಚಿದಾಗ ಅಲ್ಲಿ ಕಾಯಂ ನಿಲ್ಲುತ್ತಿದ್ದ ದಶರಥ, “ನನ್ನ ಜಾಗಾನ ಕಿತ್ತಿದ್ಯಲ್ಲೋ!” ಎಂದು ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಒಯ್ದುಬಿಟ್ಟ. ಬಂಪರ್ ಹೋಯಿತು, ಭಾಗಪ್ಪನದೊಂದನ್ನು ಬಿಟ್ಟು ಸೀಟುಗಳು ಹೋದವು, ಬಾಗಿಲುಗಳೂ ಹೋದವು. ಬಾಗಿಲಿನ ಮೇಲೆ ನಂಬರು ಬರೆಯಬೇಕು ಎಂದು ಬಾಬುವಿಗೆ ನೆನಪಾದದ್ದು ಆಮೇಲೆ. ಬಾನೆಟ್ಟಿನ ಮೇಲೆ ಸುಣ್ಣದಿಂದ ದೊಡ್ಡದಾಗಿ ಹನ್ನೊಂದು ಎಂದು ಬರೆದರು. ಮೂರು ಗಾಡಿಗಳ ಶರ್ಯತ್ತಿಗೆ ಹನ್ನೊಂದು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇನ್ನು ಮೇಲೆ ಹನ್ನೊಂದೇ ಮಂದಿಯನ್ನು ಹತ್ತಿಸುತ್ತಾರಂತೆ ಎಂದು ಊರ ತುಂಬ ಸುದ್ದಿಯಾಯಿತು.

ಕಲ್ಲು ಸಿಡಿದು ಗಾಜು ಒಡೆಯಬಾರದೆಂದು ಬಾಬು ಮುಂದಿನ ದೀಪಗಳಿಗೆ ದವಾಖಾನೆಯ ಅಂಟುಪಟ್ಟಿಯನ್ನು ಅಡ್ಡಡ್ಡ ಹಚ್ಚಿಸಿದ. ಅದನ್ನು ನೋಡಿ ಲಕ್ಕವ್ವನ ಕರುಳು ಚುರ್ ಎಂದಿತು.

“ಏನೋ ಭಾಗಪ್ಪಾ, ಗಾಡಿಗಿ ಕಣ್ಣಬ್ಯಾನಿ ಬಂದೈತೇನೋ?”

“ಇಲ್ಲಬೇ, ನಾಳಿ ಶರ್ಯತ್ತ ಐತಿ.”

“ಕಣ್ಣ ಕಟ್ಟಿ ಓಡಸ್ತೀರಿ? ಏನ್ ಮಂದಿಯಪ್ಪಾ ನೀವು!” ಎಂದು ಬೈಯುತ್ತ ಹೋದಳು.

ಮರುದಿನ ಬಯಲಿನಲ್ಲಿ ಜನವೋ ಜನ. ಗೂಟ ನೆಟ್ಟು, ಧೋತರದ ಚಿಂದಿ ಕಟ್ಟಿ ಸುತ್ತಿನ ದಾರಿ ಮಾಡಿದ್ದರು. ಆಚೆಯ ತಿರುವು ತಿಕೋಟಾ ರಸ್ತೆಗೆ ತಾಗಿಕೊಂಡೇ ಇತ್ತು. ಬಾಬು ಕರವಸ್ತ್ರ ಬೀಸಿದ. ಡಾಕ್ಟರರ ಮೋರಿಸ್ ಗುರುಗುಟ್ಟಿ ಅಲ್ಲೇ ನಿಂತಿತು. ಜೀಪು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ಜನರನ್ನು ಚೆದುರಿಸಿತು. ಫೋರ್ಡು ಮಾತ್ರ ಮೇಕೆಯ ಹಾಗೆ ಕುಪ್ಪಳಿಸುತ್ತ ಮುಂದೆ ಹೋಯಿತು. ಮೈಮೇಲೆ ಭಾರವಿಲ್ಲದೆ ಅದು ಎಂದೂ ಓಡಿದ್ದೇ ಇರಲಿಲ್ಲ.

ಎರಡನೆಯ ಸುತ್ತಿನಲ್ಲಿ ಭಾಗಪ್ಪನ ಮುಂದೆ ಯಾರೂ ಇರಲಿಲ್ಲ. ಮುಳ್ಳು ಮೂವತ್ತೈದು ದಾಟಿತು, ನಲವತ್ತಕ್ಕೆ ಬಂತು, ಅಲ್ಲಿಂದಲೂ ಮೇಲೇರಿತು. ಅಷ್ಟರಲ್ಲಿ ಆಚೆಯ ತಿರುವಿನಲ್ಲಿ ಒಬ್ಬಾಕೆ ನಿಂತು ಕೈ ಮಾಡಿದಳು.

ಕೈ ಮಾಡಿದವರಿಗೆ ಗಾಡಿ ನಿಲ್ಲಿಸುವುದು ಭಾಗಪ್ಪನ ರಕ್ತದಲ್ಲೇ ಇತ್ತು. ತಲೆಗೆ ಹೊಳೆಯುವುದರೊಳಗೆ ಕಾಲು ಬ್ರೇಕನ್ನು ತುಳಿದಾಗಿತ್ತು. ಗಾಡಿ ಧೂಳೆಬ್ಬಿಸಿ ಅವಳ ಮುಂದೆಯೇ ನಿಂತಿತು. ಲಕ್ಕವ್ವ! ಬಾಗಿಲಿಲ್ಲದ್ದು ಒಳ್ಳೆಯದೇ ಆಯಿತೆಂಬಂತೆ ಒಳಗೆ ಬಂದು, ಸೀಟಿಲ್ಲದ ಕಡೆ ಬುಟ್ಟಿಯನ್ನು ಬೋರಲು ಹಾಕಿ ಕುಳಿತುಬಿಟ್ಟಳು.

“ಇಳಿಬೇ ಯವ್ವಾ, ಶರ್ಯತ್ತ ನಡದೈತಿ!”

“ಎಲ್ಲಿಗಿ ಹೋಗ್ತದದು?”

“ಎಲ್ಲಿಗೂ ಇಲ್ಲ. ಸುತ್ತ ಹಾಕಿ ಹೊರಟಲ್ಲಿಗೇ ಬರೂದು.”

“ಹೊರಟಲ್ಲೇ ಬರೂದಾದ್ರ ಅಲ್ಲೇ ಇರಬೇಕಿಲ್ಲೋ? ನಡಿ ಊರಿಗಿ.”

ದಾರಿಗೆ ಬಂದ ಜೀಪು ಹಾರನ್ ಹೊಡೆಯುತ್ತ ಮುಂದೆ ಹೋಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ಭಾಗಪ್ಪನಿಗೆ ಅಳುವೇ ಬಂತು. ಇನ್ನು ಗೆದ್ದಂತೆಯೇ ಸರಿ ಎಂದುಕೊಂಡು ಗಾಡಿಯನ್ನು ತಿಕೋಟಾ ರಸ್ತೆಗೆ ಹತ್ತಿಸಿ, ರೂಢಿಯ ಪ್ರಕಾರ ಸಾವಕಾಶ ಹೊರಟ.

ಸ್ವಲ್ಪ ದೂರ ಹೋದ ಮೇಲೆ ಲಕ್ಕವ್ವ ಕೇಳಿದಳು. “ಯಾಕೋ, ಹೆಣಾ ಒಯ್ಯೋರಗತೆ ಹೊಂಟೀಯಲ್ಲ?”

“ತತ್ತಿ ಅದಾವಲ್ಲಬೇ.”

“ಎಲ್ಲಿ ತತ್ತಿ? ಕುದಿಸಿ ತಂದಿದ್ನಿ, ಶರ್ಯತ್ತಿನ ಮಂದಿ ಎಲ್ಲಾ ತಿಂದ ಹೋದ್ರು. ಬುಟ್ಟಿ ಮ್ಯಾಲ ಕುಂತೇನಿ, ಕಾಣೂದಿಲ್ಲ? ಹೊಡಿ, ಎಷ್ಟ ಜೋರ ಹೊಡಿತಿ ಹೊಡಿ!”

ಭಾಗಪ್ಪ ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಕಾಲನ್ನು ಪೂರ್ತಿ ಒತ್ತಿದ.

ಗಾಡಿ ಬೊಬ್ಬೆ ಹಾಕಿತು. ಗಾಳಿಗೆ ಲಕ್ಕವ್ವನ ಸೆರಗು ಹೊರಗೆ ಹಾರಾಡಿತು. ಹಿಂದೆ ಮಶಾಕಸಾಬ ಒತ್ತುಕೊಟ್ಟ ಟೈರು ಡುಬುಡುಬು ಎನ್ನುತ್ತಿತ್ತು. ರಸ್ತೆಯ ತುಂಬ ತಗ್ಗು, ಟೈರಿನ ತುಂಬ ಗಾಳಿ. ಕಣ್ಣನ್ನು ರಸ್ತೆಯಿಂದ ಕಿತ್ತರೆ ಇಬ್ಬರೂ ಹೊಲದಲ್ಲಿ.

“ಯವ್ವಾ, ಆ ಮುಳ್ಳ ನೋಡಬೇ! ಎಷ್ಟಕ ಬಂದೈತಿ?”

“ಅಂಕಿ ನನಗೇನ ತಿಳೀತಾವೋ?”

“ಎಲ್ಲಿ ಐತಿ ಅಲ್ಲಿ ಬೆರಳ ಇಡು!”

ವೀಳ್ಯದೆಲೆಗೆ ಹಚ್ಚಲೆಂದು ಲಕ್ಕವ್ವ ಆಗಲೇ ಬೆರಳಿಗೆ ಸುಣ್ಣ ತೆಗೆದುಕೊಂಡಿದ್ದಳು. ಬಗ್ಗಿ, ಗಡಿಯಾರದ ಗಾಜಿನ ಮೇಲೆ ಬೆರಳನ್ನು ಒತ್ತಿದಳು. “ಇಲ್ಲೈತಿ ನೋಡಪಾ. ನಡಗಾಕತ್ತೈತಿ, ಪಾಪ.”

ಅದೇ ಹೊತ್ತಿಗೆ ಹಿಂದಿನ ಟೈರು ಢಂ ಎಂದಿತು. ಗಾಡಿ ಹಾವಿನಂತೆ ಹರಿದಾಡಿ ರಸ್ತೆಯ ಬದಿಗೆ ನಿಂತಿತು. ಲಕ್ಕವ್ವ ಬುಟ್ಟಿಯ ಮೇಲಿಂದ ಎದ್ದು ಮೈ ಕೊಡವಿಕೊಂಡು, ಎಲೆ ಬಾಯಿಗೆ ಹಾಕಿಕೊಂಡಳು. ಭಾಗಪ್ಪ ಕೈ ಒರೆಸಿಕೊಂಡು ಗಡಿಯಾರವನ್ನು ನೋಡಿದ. ಮುಳ್ಳು ಸೊನ್ನೆಯ ಮೇಲೆ ಬಿದ್ದಿತ್ತು. ಬಿಳಿಯ ಸುಣ್ಣದ ಬೊಟ್ಟು ಅರವತ್ತನ್ನು ಒಂದು ಕೂದಲೆಳೆಯಷ್ಟು ದಾಟಿ ಕುಳಿತಿತ್ತು.

ವಾರ ಕಳೆಯುವುದರೊಳಗೆ ಬಾಗಿಲು, ಸೀಟು, ಕ್ಯಾರಿಯರ್ ಎಲ್ಲ ಮರಳಿ ಬಂದವು. ಫುಟ್‌ಬೋರ್ಡನ್ನು ದಶರಥನೇ ಹೊತ್ತು ತಂದ. ಬೆಳಿಗ್ಗೆ ಭಾಗಪ್ಪ ಗಾಡಿ ಒರೆಸುತ್ತಿದ್ದಾಗ ಲಕ್ಕವ್ವ ತುಂಬಿದ ಬುಟ್ಟಿಯೊಡನೆ ಬಂದು ತನ್ನ ಜಾಗದಲ್ಲಿ ಕುಳಿತಳು.

“ಸಾವಕಾಶ ಹೊಡಿಯೋ ಯಪ್ಪಾ, ತತ್ತಿ ಅದಾವು.”

“ಹೂನಬೇ” ಎಂದು ಭಾಗಪ್ಪ ಗಡಿಯಾರದ ಗಾಜನ್ನು ಒರೆಸಿದ, ಸುಣ್ಣದ ಬೊಟ್ಟಿನ ಸುತ್ತ ಮಾತ್ರ.