ಉಜ್ಜಿ ತೆಗೆದ ಚೀಟಿ

“ಇಲ್ಲೊಂದು ಚೀಟಿ ಇತ್ತಲ್ರಿ ವೈನಿ?” ಗ್ರಾಮೋಫೋನ್ ರೆಕಾರ್ಡಿನ ಕವರ್ ಮೇಲೆ ಬೆರಳಾಡಿಸುತ್ತ ಪಾರ್ವತಕ್ಕ ಕೇಳಿದರು. ಗಡಹಿಂಗ್ಲಜದಲ್ಲಿ ಅವರು ನಮ್ಮ ಪಕ್ಕದ ಮನೆಯವರು; ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅವರಿಂದ ತಂದಿದ್ದ ರೆಕಾರ್ಡನ್ನು ಚೊಕ್ಕಟ ಮಾಡಿ ಹಿಂತಿರುಗಿಸೋಣವೆಂದು, ಆ ಹರಿದ ಚೀಟಿಯನ್ನು ಕಿತ್ತು, ಉಳಿದ ಅಂಟನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿ ತೆಗೆದಿದ್ದೆ. ಹೆಮ್ಮೆಯಿಂದಲೇ ಹಾಗೆಂದು ಹೇಳಿದೆ.

ಅವರು ಕವರನ್ನು ತಿರುಗಿಸಿ ನೋಡಿದರು. “ಭಾಳ ಸ್ವಚ್ಛ ಆಗೇತ್ರಿ,” ಎಂದರು. “ನಮ್ಮ ಮನಿಯವರು ತಮ್ಮ ಕೈಲೆ ಹೆಸರು ಬರದು ಹಚ್ಚಿದ್ರು. ಅವರ ಅಕ್ಷರ ಅಂತ ಅದೊಂದ ಉಳದಿತ್ತು.”

ಕಸದ ಬುಟ್ಟಿ ಸುರುವಿ ಹುಡುಕಿದೆ. ಸಿಕ್ಕಿದ್ದು ಒದ್ದೆ ಕಸದಲ್ಲಿ ನೆನೆದು ಅಕ್ಷರ ಅಳಿಸಿಹೋದ ಕಾಗದದ ಮುದ್ದೆ.

ಪಾರ್ವತಕ್ಕ ಆಮೇಲೂ ತಾವಾಗಿಯೇ ರೆಕಾರ್ಡು ತಂದುಕೊಡುತ್ತಿದ್ದರು. ತೆಗೆದುಕೊಳ್ಳುವಾಗ ಅವರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.