ಐದು ನಿಮಿಷದ ವೆಂಕಮ್ಮ

ನಾಗಲದಿನ್ನೆಯ ಬೆಸ್ತರ ವೆಂಕಮ್ಮನಿಗೆ ಇಪ್ಪತ್ತಾರು ದಿನದ ಕೂಲಿ ಇನ್ನೂ ಬರಬೇಕು. ಹೋದ ವರ್ಷದ ಮಳೆಗಾಲದ್ದು. ಮೂವತ್ತು ವರ್ಷದಿಂದ ಕಂಡಕಂಡವರ ಕೂಲಿಗಾಗಿ ಕಚೇರಿಗಳ ಮುಂದೆ ಟವೆಲ್ ಹಾಸಿ ಕೂತವನು ನಾನು. ಈ ಒಂದು ಕೂಲಿಗೆ ಬಾಯಿ ಬಿಡಲಿಲ್ಲ. ಅದು ನಿಂತದ್ದೇ ನನ್ನ ಕೈಬರಹದಿಂದ.

ವೆಂಕಮ್ಮನಿಗೆ ಅರವತ್ತರ ಹತ್ತಿರ. ತಮ್ಮ ದುರುಗೇಶ ತುಂಗಭದ್ರೆಯಲ್ಲಿ ಬಲೆ ಬೀಸುತ್ತಾನೆ. ಇವಳು ದಂಡೆಯ ಮೇಲೆ ಈಳಿಗೆ ಇಟ್ಟುಕೊಂಡು ಕೂತು ಕೊಯ್ದು ಮಾರುತ್ತಾಳೆ. ಮೀನಿನ ಹೊಟ್ಟೆ ಒತ್ತಿ ಅದು ಯಾವ ಹೊತ್ತಿಗೆ ಸತ್ತದ್ದೆಂದು ಹೇಳಬಲ್ಲಳು. ನಿನ್ನೆಯದನ್ನು ನಿನ್ನೆಯದೆಂದೇ ಹೇಳಿ ಅರ್ಧ ಬೆಲೆಗೆ ಕೊಡುತ್ತಾಳೆ. ಎಮ್ಮಿಗನೂರಿನಿಂದ ಬೈಕಿನಲ್ಲಿ ಬರುವ ಗಿರಾಕಿಗಳು ಅವಳ ಮುಂದೆ ಮಾತ್ರ ಕಿವಿರು ಎತ್ತಿ ನೋಡುತ್ತಿರಲಿಲ್ಲ. ಅವಳು ಹೇಳಿದರೆ ಮುಗಿಯಿತು. ಅವಳ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಓದು ಬರಹ ಇಲ್ಲ. ೨೦೦೯ರ ನೆರೆ ಮನೆಗಳಿಗೆ ನುಗ್ಗಿದಾಗ ಪರಿಹಾರದ ಅರ್ಜಿ ಬರೆದುಕೊಟ್ಟವನು ನಾನು. ಏನು ಬರೆದಿದ್ದೇನೆಂದು ಕೇಳದೆ ಹೆಬ್ಬೆಟ್ಟು ಒತ್ತಿದ್ದಳು. ಅಂದಿನಿಂದ ನನ್ನನ್ನು ಲೀಡರಪ್ಪ ಅನ್ನುತ್ತಾಳೆ. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ನಾನು ಕೇಳಿಲ್ಲ.

ಹೋದ ವರ್ಷ ಜೂನಿನಲ್ಲಿ ಆದೋನಿಯ ಹೇಮಾವತಿ ಬಂದಳು. ಹತ್ತಿ ವ್ಯಾಪಾರಿಗಳ ಮಗಳು, ವಿಭೂತಿ ಹಚ್ಚುವ ಮನೆಯವಳು. ಮೀನು ಮುಟ್ಟಿದ ಬ್ಯಾಗನ್ನು ಅವಳ ತಾಯಿ ಹೊಸ್ತಿಲು ದಾಟಿಸುವುದಿಲ್ಲ. ಆದರೂ ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಕೊರಮೀನು, ಹಾವಿನಂಥ ತಲೆಯದು, ನೀರಿನ ಮೇಲೆ ಬಂದು ಗಾಳಿ ನುಂಗುವಂಥದ್ದು. ಮೂವತ್ತು ಮೀನಿನ ಕಿವಿರು, ಅದರ ಮೇಲಿನ ಗಾಳಿಗೂಡು, ಪಿತ್ತಜನಕಾಂಗ. ಪ್ರತಿಯೊಂದರ ಕಾಳಿನಷ್ಟು ತುಂಡು. ದಿನಗೂಲಿಗೆ ಒಬ್ಬರು ಬೇಕು ಅಂದಾಗ ವೆಂಕಮ್ಮನನ್ನು ತೋರಿಸಿದವನೂ ನಾನೇ.

"ಏನು ಹುಡುಕ್ತೀಯಮ್ಮಾಯಿ ಇದರಾಗ?" ವೆಂಕಮ್ಮ ಕೇಳಿದಳು.

ಹೇಮಾವತಿ ದಂಡೆಯ ಮೇಲೇ ಕೂತು ಹೇಳಿದಳು. "ಮೀನಿನ ಮೈಯಾಗ, ಇದನ್ನ ಮಾಡ್ರಿ, ಅದನ್ನ ಮಾಡ್ರಿ ಅಂತ ಚೀಟಿ ಓಡಾಡ್ತಿರ್ತಾವ ವೆಂಕಮ್ಮಕ್ಕ. ಅವನ್ನ ಹಿಡದು ಸಾಕು ಅನ್ನೋ ಸಣ್ಣ ಚೀಟಿ ಬ್ಯಾರೆ ಅದಾವ. ಮೈಕ್ರೋ ಆರ್‌ಎನ್‌ಎ ಅಂತಾರ. ಇಪ್ಪತ್ತೆರಡು ಅಕ್ಷರ, ಅಷ್ಟ. ಅವು ತಾವಾಗಿ ಏನೂ ತಯಾರು ಮಾಡಂಗಿಲ್ಲ. ಮಾಡೋರನ್ನ ತಡೀತಾವ."

"ನಮ್ಮ ಅತ್ತಿ ಇದ್ದಂಗ. ಕಡ್ಡಿ ಎತ್ತಿ ಇಡ್ತಿದ್ದಿಲ್ಲ. ಬ್ಯಾಡ ಅಂತಿದ್ಲು, ಅಷ್ಟ."

ಹುಡುಗಿ ನಕ್ಕಳು. ಆಮೇಲೆ ಹೇಳಿದ್ದು ನನಗೂ ಹೊಸದು. ಆ ಚೀಟಿಗಳಲ್ಲಿ ಕೆಲವು ಮೀನಿನಲ್ಲಿಯೂ ನಮ್ಮಲ್ಲಿಯೂ ಅಕ್ಷರ ತಪ್ಪದೆ ಒಂದೇ ಇವೆಯಂತೆ, ಕೋಟ್ಯಂತರ ವರ್ಷದಿಂದ. ಮುಳ್ಳಿನ ಮೀನುಗಳಿಗೆ ಮೂಲವಾದ ಮೀನಿನಲ್ಲಿ ಒಂದು ಸಲ, ಈ ಚೀಟಿಗಳನ್ನೆಲ್ಲ ಬರೆದಿಟ್ಟ ಇಡೀ ಪುಸ್ತಕವೇ ಎರಡು ಪ್ರತಿ ಆಯಿತಂತೆ. ಹೆಚ್ಚಿನ ಪಾಲು ಎರಡನೇ ಪ್ರತಿ ಕಳೆದುಹೋಯಿತು, ಆದರೆ ಈ ಸಣ್ಣ ಚೀಟಿಗಳಲ್ಲಿ ಬಹಳಷ್ಟು ಎರಡೆರಡಾಗಿಯೇ ಉಳಿದವು.

"ಅಂದ್ರ ಒಂದು ಮನಿಗೆ ಇಬ್ಬರು ಅತ್ತೇರು," ಎಂದಳು ವೆಂಕಮ್ಮ. "ಪಾಪ ಮೀನು."

"ಅದರಿಂದಾನ ಮೀನು ಇಷ್ಟು ನಮೂನಿ ಆದವು ಅಂತ ಕೆಲವರು ಅಂತಾರ. ಈ ಕೊರಮೀನು ಗಾಳಿ ಕುಡಿಯೋದು ಕಲಿತೈತಲ್ಲ, ಅದಕ್ಕ ಹೊಸ ಚೀಟಿ ಯಾವುದಾರ ಹುಟ್ಟೈತೇನು, ಹಳೇದ ಹೊಸ ಕೆಲಸ ಹಿಡದೈತೇನು, ಅದನ್ನ ನೋಡಬೇಕು. ಆದ್ರ ಚೀಟಿ ಭಾಳ ನಾಜೂಕು. ಮೀನು ಸತ್ತ ಐದು ನಿಮಿಷದಾಗ ತುಂಡು ಈ ನೀರಿಗೆ ಬೀಳಬೇಕು. ತಡ ಆದ್ರ ಎಲ್ಲಾ ಹರದು ಚೂರು ಆಗತಾವ."

ಮದ್ದಿನ ನೀರು ತುಂಬಿದ ಪುಟ್ಟ ಶೀಷೆಗಳನ್ನು, ಒಂದು ಐಸ್ ಪೆಟ್ಟಿಗೆಯನ್ನು, ಒಂದು ಕಟ್ಟು ಫಾರಂಗಳನ್ನು ಕೊಟ್ಟು ಎರಡು ದಿನ ಕಲಿಸಿ ಹೋದಳು. ಫಾರಂ ತುಂಬುವುದು ನನ್ನ ಪಾಲಿಗೆ ಬಂತು.

ಇಲ್ಲಿ ವೆಂಕಮ್ಮನ ತಾಯಿಯ ಕಾಲದ ಒಂದು ಕಟ್ಟಳೆ ಹೇಳಬೇಕು. ಮೊಟ್ಟೆ ತುಂಬಿದ ಮೀನಿಗೆ ಜೀವ ಇರುವಾಗ ಆ ಮನೆಯ ಹೆಂಗಸರು ಕೈ ಮಾಡುವುದಿಲ್ಲ. ಬಸುರಿ ತಾನಾಗಿ ಪ್ರಾಣ ಬಿಡಬೇಕು, ಆಮೇಲೆ ಈಳಿಗೆ. ಬೇರೆ ಮೀನಾದರೆ ಗಳಿಗೆಯಲ್ಲಿ ಸಾಯುತ್ತದೆ. ಕೊರಮೀನು ಗಾಳಿ ಕುಡಿಯುವ ಜಾತಿ, ನೀರಿಲ್ಲದೆಯೂ ಅರ್ಧ ದಿನ ಬದುಕುತ್ತದೆ. ಅದು ಬೀಜ ಕಟ್ಟುವುದೂ ಮಳೆಗಾಲದಲ್ಲೇ. ವೆಂಕಮ್ಮ ಅಂಥವನ್ನು ಬುಟ್ಟಿಯಲ್ಲಿ ಹಾಕಿ, ಗೋಣಿ ಮುಚ್ಚಿ, ಜಾಲಿ ನೆರಳಿಗಿಟ್ಟು ಮಾರಾಟಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ನೋಡಿದಾಗ ಸತ್ತಿರುತ್ತಿತ್ತು. ಐದು ನಿಮಿಷ ಯಾವಾಗಲೋ ದಾಟಿದ ಮೇಲೆ ಕೊಯ್ದು, ತುಂಡನ್ನು ಶೀಷೆಗೆ ಹಾಕುತ್ತಿದ್ದಳು.

ಅವಳು ಇದನ್ನು ಮುಚ್ಚಿಡಲಿಲ್ಲ. ಮೊದಲ ವಾರವೇ ಹೇಳಿದಳು.

"ಲೀಡರಪ್ಪ, ಈ ಶೀಷೆಗಳಿಗೆ ಕೆಂಪು ದಾರ ಕಟ್ಟೀನಿ ನೋಡು, ಅವು ಬಸುರಿ. ಐದು ನಿಮಿಷ ಅಲ್ಲ ಅವು. ಬರಿ."

"ಸತ್ತದ್ದು ಸತ್ತದ್ದ ಬಿಡವ್ವ. ಅದನ್ನೆಲ್ಲಾ ಯಾರು ನೋಡ್ತಾರ."

"ಆ ಹುಡುಗಿ ನೋಡ್ತಾಳ. ಬರಿ."

ಬರೆಯಲಿಲ್ಲ. ಫಾರಂ ಅಂದರೆ ನನಗೆ ಆಫೀಸಿನವರ ಹೊಟ್ಟೆ ತುಂಬಿಸುವ ಕಾಗದ. ಅವರಿಗೆ ಬೇಕಾದ್ದನ್ನು ತುಂಬಿ ನಮ್ಮ ಕೆಲಸ ಮಾಡಿಸಿಕೊಳ್ಳಬೇಕು, ಅಷ್ಟೇ ನಾನು ಕಲಿತ ರಾಜಕೀಯ. ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಕೂತು ಮೂವತ್ತು ಫಾರಮಿಗೂ ಒಂದೇ ಸಮನೆ 'ಐದು ನಿಮಿಷ' ಎಂದು ಗೀಚಿದೆ. ದಾರಗಳು ಶೀಷೆಯ ನಂಬರು ನೋಡಲು ಅಡ್ಡ ಬಂದವು, ಬಿಚ್ಚಿ ಎಸೆದೆ. ವೆಂಕಮ್ಮ ಪ್ರತಿ ಹಾಳೆಗೂ ಹೆಬ್ಬೆಟ್ಟು ಒತ್ತಿದಳು. ಬರೆದೆಯಾ ಅಂದಳು. ಹೂಂ ಅಂದೆ.

ನಾಲ್ಕು ತಿಂಗಳ ಮೇಲೆ ಹೇಮಾವತಿ ಫೋನ್ ಮಾಡಿದಳು. ಸಂತೋಷಕ್ಕೆ ಮಾತು ತೊದಲುತ್ತಿತ್ತು. ಹನ್ನೊಂದು ಮೀನುಗಳಲ್ಲಿ, ಎಲ್ಲವೂ ಹೆಣ್ಣೇ, ಎಲ್ಲೂ ಯಾರೂ ಕಾಣದ ಸಣ್ಣ ಚೀಟಿಗಳು ರಾಶಿ ರಾಶಿ ಸಿಕ್ಕಿವೆ, ದೊಡ್ಡ ಸಭೆಯಲ್ಲಿ ಓದುತ್ತೇನೆ ಅಂದಳು. ಹನ್ನೊಂದು ಅಂದಾಗಲೇ ನನಗೆ ನೆನಪಾಯಿತು. ಕೆಂಪು ದಾರದ ಮೀನು ಹನ್ನೊಂದೇ ಇದ್ದವು. ಒಳ್ಳೇದಾಯ್ತಮ್ಮ ಅಂದು ಫೋನ್ ಇಟ್ಟೆ.

ಸಭೆಯಲ್ಲಿ ಓದಿದಳು. ಮುಂದಿನ ವಾರವೇ ಅವಳ ಗೈಡು ಎಲ್ಲವನ್ನೂ ಮತ್ತೆ ತೆಗೆಸಿ ನೋಡಿದರು. ನಿಜವಾದ ಚೀಟಿಗಳು ಒಂದೇ ಅಳತೆಗೆ ಕತ್ತರಿಸಿದಂತೆ ಇರುತ್ತವಂತೆ. ಇವು ಉದ್ದ ಗಿಡ್ಡ, ಹೇಗೆಂದರೆ ಹಾಗೆ. ಹೊಸದೇನೂ ಹುಟ್ಟಿರಲಿಲ್ಲ. ಕೊಳೆತ ಮೀನಿನ ದೊಡ್ಡ ಚೀಟಿಗಳು ಹರಿದು ಆದ ಚೂರುಗಳು ಅವು.

ಹೇಮಾವತಿ ಮತ್ತೆ ದಂಡೆಗೆ ಬಂದಳು, ಕೈಯಲ್ಲಿ ಫಾರಂ ಕಟ್ಟು. ನಾನು ಅಲ್ಲೇ ಇದ್ದೆ.

"ವೆಂಕಮ್ಮಕ್ಕ, ಇವು ಐದು ನಿಮಿಷದ್ದಲ್ಲ. ತಡ ಆಗಿತ್ತು ಅಂತ ಒಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ದೆ."

"ಯಾರಿಗೆ?"

ವೆಂಕಮ್ಮ ನನ್ನ ಮುಖ ನೋಡಿದಳು. ನಾನು ಹೊಳೆ ನೋಡಿದೆ.

"ನೀರಿಗೆ ಹೇಳಿದ್ದೆ ಬಿಡಮ್ಮಾಯಿ," ಅಂದು ಈಳಿಗೆ ತೊಳೆಯತೊಡಗಿದಳು.

ಸಂಸ್ಥೆಯವರ ವರದಿಯಲ್ಲಿ ಒಂದು ಸಾಲು ಬಂತು: ಸ್ಥಳೀಯ ಕೂಲಿಯಾಳು ಸುಳ್ಳು ಸಮಯ ಕೊಟ್ಟಿದ್ದಾಳೆ. ಇಪ್ಪತ್ತಾರು ದಿನದ ಕೂಲಿ ನಿಂತಿತು. ಅದಕ್ಕಿಂತ ಕೆಟ್ಟದ್ದು ದಂಡೆಯ ಮೇಲೆ ಆಯಿತು. ಸುದ್ದಿ ಎಮ್ಮಿಗನೂರು ಮುಟ್ಟಿತು. ಗಿರಾಕಿಗಳು ಅವಳ ಮುಂದೆಯೂ ಕಿವಿರು ಎತ್ತತೊಡಗಿದರು.

"ಏನು ಐದು ನಿಮಿಷದ ವೆಂಕಮ್ಮ, ಇದು ಇವತ್ತಿಂದೋ, ಹೋದ ಅಮಾಸಿದೋ?"

"ಮೂಸಿ ನೋಡು," ಅನ್ನುತ್ತಿದ್ದಳು. ಮೊದಲಾದರೆ ಅಂಥ ಮಾತಿಗೆ ಮೀನು ಉಜ್ಜುವ ಬೂದಿಯನ್ನೇ ಮುಖಕ್ಕೆ ಎರಚುತ್ತಿದ್ದಳು.

ನಾನು ಆ ಬದಿಗೆ ಹೋಗುವುದನ್ನೇ ಬಿಟ್ಟೆ. ಬಸ್ಸಿಗೆ ಸುತ್ತುದಾರಿ ಹಿಡಿದೆ. ಆರು ತಿಂಗಳು ಹೀಗೆ ಕಳ್ಳನ ಹಾಗೆ ತಿರುಗಿದ ಮೇಲೆ, ಒಂದು ದಿನ ಅವಳೇ ನನ್ನ ಮನೆ ಬಾಗಿಲಿಗೆ ಬಂದಳು.

"ಅವತ್ತು ಬರಿ ಅಂದಿದ್ದೆ, ಬರೀಲಿಲ್ಲ. ಇವತ್ತು ಬರಿ."

"ಏನು ಬರೀಲಿ?"

"ಅವತ್ತು ಅಂದಿದ್ದನ್ನ."

ಬರೆದೆ. ಹೇಮಾವತಿಗೂ ಸಂಸ್ಥೆಗೂ ಸೇರಿ ಒಂದೇ ಕಾಗದ. ಹದಿನೈದು ವರ್ಷದಲ್ಲಿ ಮೊದಲ ಸಲ, ಓದು ಅಂದಳು. ಓದಿದೆ. 'ಓದು ಬಾರದ ಈ ಅಮಾಯಕ ಮಹಿಳೆ' ಎಂಬಲ್ಲಿಗೆ ಬಂದಾಗ ತಡೆದಳು.

"ಯಾರು ಅಮಾಯಕ? ನಾ ಗೊತ್ತಿದ್ದ ಮಾಡೀನಿ, ಮಾಡಿದ್ದನ್ನ ಹೇಳೀನಿ. ಹೊಡಿ ಅದನ್ನ."

ಹೊಡೆದು ಹಾಕಿದೆ.

"ನಿನ್ನ ಹೆಸರು ಎಲ್ಲೈತಿ?"

ನನ್ನ ಹೆಸರನ್ನೂ, ಕೆಂಪು ದಾರ ಬಿಚ್ಚಿ ಎಸೆದದ್ದನ್ನೂ ಬರೆದು ಮತ್ತೆ ಓದಿದೆ. ಆಮೇಲೆ ಒತ್ತಿದಳು.

ಹೇಮಾವತಿಯಿಂದ ಉತ್ತರ ಬಂತು. ನನಗೆ ಒಂದು ಸಾಲು: 'ದಾರ ಇದ್ದಿದ್ದರೆ ಹನ್ನೊಂದನ್ನು ಪಕ್ಕಕ್ಕಿಡುತ್ತಿದ್ದೆ, ಹತ್ತೊಂಬತ್ತು ಚೆನ್ನಾಗಿದ್ದವು, ನನ್ನ ಒಂದು ವರ್ಷ ಉಳಿಯುತ್ತಿತ್ತು.' ವೆಂಕಮ್ಮನಿಗೆ ನಾಲ್ಕು ಪುಟ, ಕ್ಷಮೆ ಕೇಳಿ. ಅದನ್ನು ಓದಿಸಿಕೊಳ್ಳಲು ಅವಳು ನನ್ನ ಹತ್ತಿರ ಬರಲಿಲ್ಲ. ಶಾಲೆಯ ಮೇಡಂ ಹತ್ತಿರ ಹೋದಳು. ಸಂಸ್ಥೆಯಿಂದ ಉತ್ತರವಿಲ್ಲ. ಆ ಸಾಲು ವರದಿಯಲ್ಲಿ ಹಾಗೇ ಇದೆ.

ಸಂಸ್ಥೆಯವರು ಇದನ್ನು ಓದಿದರೆ, ಆ ಸಾಲು ತೆಗೆಯಿರಿ, ಅವಳ ಕೂಲಿ ಅವಳ ಕೈಗೆ ಕೊಡಿ. ಸುಳ್ಳು ಬರೆದವನ ವಿಳಾಸ ನಿಮ್ಮ ಹತ್ತಿರ ಇದೆ. ಉಳಿದವರಿಗೆ ಒಂದು ಮಾತು. ಓದು ಬಾರದವರ ಪರವಾಗಿ ನೀವೂ ಫಾರಂ ತುಂಬಿದವರೇ: ಪಡಿತರಕ್ಕೆ, ಪಿಂಚಣಿಗೆ, ಆಸ್ಪತ್ರೆಗೆ. ಇವತ್ತೇ ಎದ್ದು ಹೋಗಿ. ಹೆಬ್ಬೆಟ್ಟು ಒತ್ತಿದವರನ್ನು ಮುಂದೆ ಕೂರಿಸಿಕೊಂಡು, ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳಿ. ಹೊಡಿ ಅಂದದ್ದನ್ನು ಹೊಡೆಯಿರಿ.